ಗೇಟಿನಲ್ಲಿ ಸಾಕಿದ ನಾಯಿ

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರುಗಳು ಒಂದರ ಹಿಂದೊಂದು ಬರುತ್ತವೆ. ಅವು ಸೋರಿದ ಜಾಗ ತಂಪಾಗಿರುತ್ತದೆಂದು ಕಂದು ಬಣ್ಣದ ಹೆಣ್ಣು ನಾಯಿಯೊಂದು ಗೇಟಿನ ಪಕ್ಕ ಮಲಗುತ್ತಿತ್ತು. ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಕೊನೆಯದನ್ನು ಮಜ್ಜಿಗೆಯಲ್ಲಿ ನೆನೆಸಿ ಅದಕ್ಕೆ ಹಾಕುವುದು ನನ್ನ ರೂಢಿ. ಒಂದು ದಿನ ಹಿಂದಕ್ಕೆ ಬರುತ್ತಿದ್ದ ಟ್ಯಾಂಕರು ಅದರ ಹಿಂಗಾಲಿನ ಮೇಲೆ ಹತ್ತಿತು.

ಹಳೆಯ ಸೀರೆಗಳಿಂದ ಹೊಲಿದ ಕೌದಿಯಲ್ಲಿ ಅದನ್ನು ಸುತ್ತಿ ಆಟೋದಲ್ಲಿ ಪ್ರಾಣಿಗಳ ಡಾಕ್ಟರ ಹತ್ತಿರ ಒಯ್ದೆ. ಅವರು ಕಾಲಿಗೆ ಪಟ್ಟಿ ಹಾಕಿ, "ಮೂಳೆ ಕೂಡೋವರೆಗೂ ರೋಡಲ್ಲಿ ಬಿಡ್ಬೇಡಿ ಮೇಡಂ. ಬಿಟ್ರೆ ಉಳಿಯಲ್ಲ" ಅಂದರು.

ಬೀದಿ ನಾಯಿಗಳನ್ನು ನೋಡಿಕೊಳ್ಳುವವರಿಗೆಲ್ಲ ಅಲ್ಲೇ ಕೂತು ಫೋನ್ ಮಾಡಿದೆ. ಜಾಗ ಇಲ್ಲ, ಫೋಟೋ ಕಳಿಸಿ ಅಂದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಫೋಟೋ ಹಾಕಿದೆ. ಮುಗಿದ ಕೈಗಳು, ಅಳುವ ಮುಖಗಳು ಸಾಲಾಗಿ ಬಂದವು. ನಮ್ಮನೆಗೆ ಕರ್ಕೊಂಡ್ಬನ್ನಿ ಅಂತ ಒಬ್ಬರೂ ಅನ್ನಲಿಲ್ಲ. ಸೆಕ್ರೆಟರಿ ಮಾತ್ರ ಬರೆದರು: ಬೀದಿ ನಾಯಿಗೆ ಒಳಗೆ ಪ್ರವೇಶವಿಲ್ಲ, ಸಾಕಿದ ನಾಯಿಗೆ ಮಾತ್ರ.

ಸರಿ, ಅಂದುಕೊಂಡೆ.

ನಮ್ಮಲ್ಲಿ ಯಾರೇ ಒಳಗೆ ಬರಬೇಕಾದರೂ ಗೇಟಿನವನು ಅವರ ಫೋಟೋ ತೆಗೆದು ಆಪ್‌ಗೆ ಹಾಕುತ್ತಾನೆ. ಅವರು ಹೋಗಬೇಕಾದ ಮನೆಯವರು ಫೋನಿನಲ್ಲಿ ಒಪ್ಪಿದರೆ ಗೇಟು ತೆರೆಯುತ್ತದೆ. ಗೇಟಿನವನು ಯಾದಗಿರಿ ಕಡೆಯವನು, ನನ್ನ ತವರು ಬಾಗಲಕೋಟೆ. ನಮ್ಮಿಬ್ಬರ ಮಾತು ನಮ್ಮ ಕಡೆಯದೇ. ನಾಯಿಯನ್ನು ಎತ್ತಿಕೊಂಡು ನಾನು ಆಟೋ ಇಳಿದಾಗ ಅವನು ಅಡ್ಡ ಬಂದ.

"ಅಕ್ಕಾರ, ಇದನ್ನ ಹ್ಯಾಂಗ ಬಿಡ್ಲ್ರಿ? ನನ್ನ ನೌಕರಿ ತಗೀತಾರ."

"ನೀ ಬಿಡಬ್ಯಾಡಪ್ಪ. ಆಪ್‌ನ್ಯಾಗ ಹಾಕು, ನಾ ಒಪ್ಪಿಗಿ ಕೊಡ್ತೀನಿ."

"ಏನಂತ ಹಾಕ್ಲಿ? ಡೆಲಿವರಿ, ಕ್ಯಾಬು, ಗೆಸ್ಟು, ಫ್ಯಾಮಿಲಿ, ಇಷ್ಟ ಅದಾವ."

"ಗೆಸ್ಟ್ ಆದ್ರ ಹೊಳ್ಳಿ ಹೋಗ್ಬೇಕಲ್ಲ. ಫ್ಯಾಮಿಲಿ ಹಾಕು."

ಅವನು ನಕ್ಕ. "ಮನ್ಯಾಗ ಒಬ್ರು ಹೆಚ್ಚಾಗ್ಯಾರಂತ ಯಜಮಾನ್ರಿಗೆ ಗೊತ್ತೈತೇನ್ರಿ?"

"ಇನ್ನೂ ಇಲ್ಲ."

ಫೋಟೋ ತೆಗೆದ. ನನ್ನ ಫೋನು ಗುಂಯ್ ಅಂದಿತು. ಒಪ್ಪಿಗೆ ಒತ್ತಿ, ನಾಯಿಯನ್ನು ಎತ್ತಿಕೊಂಡು ನಡೆದೆ.

ಲಿಫ್ಟಿನ ಮುಂದೆ ಸೆಕ್ರೆಟರಿ ನಿಂತಿದ್ದರು. "ಏನ್ ಮೇಡಂ ಇದು, ಮೆಸೇಜ್ ನೋಡ್ಲಿಲ್ವಾ?"

"ನೋಡ್ದೆ. ಸಾಕಿದ ನಾಯಿ ಬರಬಹುದು ಅಂತ ನೀವೇ ಬರ್ದಿದ್ದೀರಲ್ಲ."

"ಇದು ಯಾವಾಗ ಸಾಕಿದ್ ನಾಯಿ ಆಯ್ತು?"

"ಈಗಷ್ಟೇ, ಗೇಟಲ್ಲಿ."

"ನಾಳೆ ಮೀಟಿಂಗ್ ಕರೀತೀನಿ, ನೋಡಿ."

"ಕರೀರಿ, ಬರ್ತೀನಿ. ಈಗ ಸ್ವಲ್ಪ ಲಿಫ್ಟ್ ಬಟನ್ ಒತ್ತಿ. ನನ್ನ ಕೈ ಖಾಲಿ ಇಲ್ಲ."

ಒತ್ತಿದರು, ಪಾಪ.

ಮನೆಯಲ್ಲಿ ನನ್ನ ಗಂಡ ಮೊದಲು ದೇವರ ಮನೆಯ ಬಾಗಿಲು ಮುಚ್ಚಿದರು. ಆಮೇಲೆ ಬಗ್ಗಿ ಪಟ್ಟಿ ಕಟ್ಟಿದ ಕಾಲನ್ನು ನೋಡಿದರು. "ಇದಕ್ಕೊಂದು ಮನಿ ಸಿಗೋತನಕ ಅಷ್ಟ, ಹೌದಲ್ಲ?"

"ಸಿಕ್ಕೈತಲ್ಲ," ಅಂದೆ.

ಮರುದಿನ ಮೀಟಿಂಗಿಗೆ ಅದನ್ನು ಎತ್ತಿಕೊಂಡೇ ಹೋದೆ.