ಅರ್ಧ ಪಾಲು, ಪೂರ್ತಿ ಪಾಲು

ನೆಟ್ಟಾ ಎಸ್‌ಪ್ಲಿನ್ ನನ್ನನ್ನು ಸೋಲಿಸಿದ ಕಥೆಯನ್ನು ನಾನೇ ಬರೆದುಬಿಡುವುದು ವಾಸಿ. ಅವಳು ಹೇಳತೊಡಗಿದರೆ ನನ್ನ ಅಳಿದುಳಿದ ಮಾನವೂ ಹೋಗುತ್ತದೆ.

ಚಿಕ್ಕಂದಿನಲ್ಲಿ ಮಕ್ಕಳ ಆಶ್ರಮಗಳಲ್ಲಿ ಹಿಂಸೆ ಅನುಭವಿಸಿದವರು ಈಗ ಮುದುಕರಾಗಿದ್ದಾರೆ. ಅವರ ಅರ್ಜಿಗಳನ್ನು ಓದಿ, ನಡೆದದ್ದು ನಿಜವೋ ಅಲ್ಲವೋ ಎಂದು ತೀರ್ಮಾನಿಸಿ ಪರಿಹಾರ ಕೊಡಿಸುವ ಮಂಡಳಿಯಲ್ಲಿ ನಾವು ಮೂವರಿದ್ದೆವು. ನಿವೃತ್ತ ವಕೀಲನಾದ ನಾನು ಅಧ್ಯಕ್ಷ, ಜೊತೆಗೆ ಮಕ್ಕಳ ವೈದ್ಯೆ ಡಾಕ್ಟರ್ ಟುಲ್ಲಕ್, ಮತ್ತೆ ಫಾರ್ಫರ್ ಊರಿನ ಬಸ್ ಡ್ರೈವರ್ ನೆಟ್ಟಾ. ಅರ್ಜಿದಾರರ ಮುಖ ನಾವು ನೋಡುವುದಿಲ್ಲ. ಕಾಗದ ಬಿಟ್ಟರೆ ನಮಗೆ ಇನ್ನೇನೂ ಇಲ್ಲ. ಈ ಕೆಲಸಕ್ಕೆ ನಿಮಗೇನು ಅನುಭವ ಎಂದು ಸಂದರ್ಶನದಲ್ಲಿ ಕೇಳಿದ್ದಕ್ಕೆ ಅವಳು, "ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡ್ಸಿದೀನಿ. ಯಾವ ಮಗೂಗೆ ಮನೆ ಹತ್ರ ಇಳಿಯೋಕೆ ಭಯ ಅಂತ ಕನ್ನಡೀಲೇ ಕಾಣುತ್ತೆ" ಅಂದಳಂತೆ. ಅದನ್ನು ಕೇಳಿ ನಾನು ನಕ್ಕಿದ್ದೆ. ಕಾನೂನಿನ ಪುಸ್ತಕ ಮೂಸಿಯೂ ನೋಡದವಳು ಏನು ತೀರ್ಮಾನ ಮಾಡಿಯಾಳು ಎಂಬ ಸೊಕ್ಕು ನನಗೆ.

ಆ ಅರ್ಜಿದಾರನ ಹೆಸರು ಹೇಳುವುದಿಲ್ಲ. ತನ್ನ ಕಥೆಯನ್ನು ಅವನೇ ಆಮೇಲೆ ಪತ್ರಿಕೆಗೆ ಹೇಳಿಕೊಂಡನಾದ್ದರಿಂದ ಇಷ್ಟಾದರೂ ಬರೆಯುತ್ತಿದ್ದೇನೆ. ಒಂಬತ್ತನೇ ವಯಸ್ಸಿಗೆ ಕ್ರೇಗ್‌ಮಾರ್ಲಿ ಎಂಬ ಆಶ್ರಮ ಸೇರಿದೆ, ಎರಡು ವರ್ಷ ಅಲ್ಲಿದ್ದೆ, ಅಲ್ಲಿನ ಮೇಲ್ವಿಚಾರಕ ಬೆಲ್ಟಿನಲ್ಲಿ ಹೊಡೆದು ನನ್ನ ಒಂದು ಕಿವಿ ಕಿವುಡು ಮಾಡಿದ ಎಂದು ಬರೆದಿದ್ದ. ಆಶ್ರಮದ ದಾಖಲೆಗಳು ಸುಟ್ಟುಹೋಗಿದ್ದವು. ಉಳಿದದ್ದು ಶಾಲೆಯ ಹಾಜರಿ ಪುಸ್ತಕ. ಅದರಲ್ಲಿ ೧೯೬೨ರ ಆಗಸ್ಟಿನಲ್ಲಿ ಸೇರಿದ ಅವನ ಹೆಸರನ್ನು ಅದೇ ವರ್ಷ ಡಿಸೆಂಬರಿಗೇ ಹೊಡೆದುಹಾಕಿದ್ದರು. ಆ ಮೇಲ್ವಿಚಾರಕ ಕೆಲಸಕ್ಕೆ ಬಂದದ್ದು ಮರುವರ್ಷ ಏಪ್ರಿಲಿನಲ್ಲಿ. ಅಂದರೆ ಕಾಗದದ ಪ್ರಕಾರ ಹೊಡೆದವನೂ ಹೊಡೆತ ತಿಂದವನೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಶಾಲೆ ಬಿಡಿಸಿ ನನ್ನನ್ನು ಕೆಲಸಕ್ಕೆ ಹಚ್ಚಿದರು ಎಂದು ಅವನು ಬರೆದಿದ್ದ. ಅದಕ್ಕೆ ಸಾಕ್ಷಿ ಎಲ್ಲಿ?

ಸಾಲದ್ದಕ್ಕೆ ನನಗೊಂದು ತಪ್ಪು ಸಿಕ್ಕಿತ್ತು. ಅಕ್ಟೋಬರ್ ರಜೆಯಲ್ಲಿ ಆಲೂಗಡ್ಡೆ ಆಯಲು ಹೋದಾಗ ನನಗೆ ಅರ್ಧ ಪಾಲು ಕೊಟ್ಟರು ಎಂದು ನಾಲ್ಕನೇ ಪುಟದಲ್ಲಿ ಹೇಳುತ್ತಾನೆ. ಪೂರ್ತಿ ಪಾಲು ಮುಗಿಸಲಿಲ್ಲವೆಂದು ಮೇಲ್ವಿಚಾರಕ ಹೊಡೆದ ಎಂದು ಒಂಬತ್ತನೇ ಪುಟದಲ್ಲಿ. ಹೊಲವೂ ಅದೇ, ಅಕ್ಟೋಬರೂ ಅದೇ. ನಾನು ನನ್ನ ಪ್ರತಿಯಲ್ಲಿ ಎರಡಕ್ಕೂ ಕೆಂಪು ಗೆರೆ ಎಳೆದು 'ಪರಸ್ಪರ ವಿರುದ್ಧ' ಎಂದು ಬರೆದೆ. ಡಾಕ್ಟರ್ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಅರ್ಜಿ ತಳ್ಳಿಹಾಕಲು ಸಹಿಯೊಂದೇ ಬಾಕಿ.

"ವಕೀಲಪ್ಪ, ನೀವು ಯಾವತ್ತಾದ್ರೂ ಆಲೂಗಡ್ಡೆ ಆಯ್ದಿದೀರಾ?" ಎಂದಳು ನೆಟ್ಟಾ.

"ತಿಂದಿದೀನಿ."

"ಅದೇ ತೊಂದ್ರೆ ಆಗಿರೋದು. ಎದ್ದೇಳಿ."

ತನ್ನ ಕೊಡೆಯನ್ನು ಬಾಗಿಲ ಬಳಿ ನೆಲಕ್ಕಿಟ್ಟಳು. ಅಲ್ಲಿಂದ ಹೊರಗಿನ ಓಣಿಯಲ್ಲಿ ಇಪ್ಪತ್ತು ದಾಪುಗಾಲು ಹಾಕಿ, ಅಲ್ಲಿ ನನ್ನ ಊರುಗೋಲು ಇಟ್ಟಳು. ಖಾಲಿ ಹಾಳೆಗಳನ್ನು ಉಂಡೆ ಮಾಡಿ ಉದ್ದಕ್ಕೂ ಚೆಲ್ಲಿದಳು. ಕಸದ ಬುಟ್ಟಿಯನ್ನು ನನ್ನ ಕೈಗೆ ತುರುಕಿದಳು.

"ಇದು ದೊಡ್ಡೋರ ಪಾಲು. ಯಂತ್ರ ಸಾಲು ಅಗ್ದು ಹೋಗುತ್ತೆ. ಸುತ್ತು ಹಾಕಿ ಅದು ವಾಪಸ್ ಬರೋಷ್ಟ್ರಲ್ಲಿ ಈ ಕೊಡೆಯಿಂದ ಆ ಕೋಲಿನವರೆಗೂ ಆಯ್ದು ಮುಗ್ಸಿರ್ಬೇಕು. ಹೂಂ, ಬಗ್ಗಿ!"

ಅರ್ಧ ದಾರಿಗೆ ನನ್ನ ಸೊಂಟ ಹಿಡಿದುಕೊಂಡಿತು. "ಯಂತ್ರ ಬಂತು, ಯಂತ್ರ ಬಂತು!" ಎಂದು ಹಿಂದಿನಿಂದ ಅವಳ ಕೂಗು. ಡಾಕ್ಟರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ನಾನು ಇಂಗು ತಿಂದ ಮಂಗನ ಹಾಗೆ ಬುಟ್ಟಿ ಹಿಡಿದು ನಿಂತೆ.

"ನೀವು ನಿಂತಿದೀರಲ್ಲ, ಅದು ಅರ್ಧ ಪಾಲು. ಸಣ್ಣ ಮಕ್ಳಿಗೆ ಅಷ್ಟೇ," ಎಂದಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ರಜಾ ಮೊದಲ್ನೇ ದಿನ ಅರ್ಧ ಕೊಟ್ರೆ ಕೊನೇ ದಿನದವರೆಗೂ ಅರ್ಧವೇ. ಪೂರ್ತಿ ಸಿಗೋದು ಮುಂದಿನ ವರ್ಷ. ನಂಗೂ ಹಾಗೇ, ಈ ಜಿಲ್ಲೇಲಿ ಎಲ್ರಿಗೂ ಹಾಗೇ. ಅವ್ನು ಒಂದು ಅಕ್ಟೋಬರ್ ಹೇಳ್ತಿಲ್ಲ, ವಕೀಲಪ್ಪ. ಎರಡು ಹೇಳ್ತಿದಾನೆ."

ಎರಡನೇ ಅಕ್ಟೋಬರ್ ಅಂದರೆ ೧೯೬೩. ಆ ಹೊತ್ತಿಗೆ ಮೇಲ್ವಿಚಾರಕ ಬಂದು ಆರು ತಿಂಗಳಾಗಿತ್ತು. ಸುಳ್ಳೆಂದು ನಾನು ಗೆರೆ ಎಳೆದ ಎರಡು ಸಾಲುಗಳೇ ಅವನ ಸಾಕ್ಷಿಯಾಗಿದ್ದವು.

ಆದರೂ ವಕೀಲನ ಚಾಳಿ ಬಿಡುತ್ತದೆಯೇ? "ಎಲ್ಲೋ ಕೇಳಿ ಬರೆದಿರಬಹುದಲ್ಲ?" ಅಂದೆ.

"ಸುಳ್ಳು ಹೇಳೋನು ಬಿಡಿಸಿ ಬಿಡಿಸಿ ಹೇಳ್ತಾನೆ. ಇವ್ನು ಅರ್ಧ ಪಾಲು ಅಂದ್ರೇನು ಅಂತ ಒಂದು ಮಾತು ವಿವರಿಸಿಲ್ಲ. ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡಿದಾನೆ, ಪಾಪ. ನಿಮ್ಮಂಥೋರು ಓದ್ತಾರೆ ಅಂತ ಅವ್ನಿಗೇನು ಗೊತ್ತು?"

ಕ್ರೇಗ್‌ಮಾರ್ಲಿಯಿಂದ ಬಂದ ಹಳೆಯ ಅರ್ಜಿಗಳನ್ನೆಲ್ಲ ತರಿಸಿ ನೋಡಿದೆವು. ಇನ್ನಿಬ್ಬರು ಅದನ್ನೇ ಬರೆದಿದ್ದರು: ಮೊದಲ ವರ್ಷ ಅರ್ಧ, ಮರುವರ್ಷ ಪೂರ್ತಿ. ಕೈ ಕೆಸರಾದದ್ದು ಆ ಮಕ್ಕಳದ್ದು, ಬಾಯಿ ಮೊಸರಾದದ್ದು ಇನ್ಯಾರದ್ದೋ. ನನಗೆ ನಾಚಿಕೆಯಾಯಿತು. ಸರಿಯಾಗಿ ಓದದೆ ಆ ಮಗುವಿಗೆ ಮತ್ತೊಂದು ಏಟು ಕೊಡಲು ಹೊರಟಿದ್ದೆನಲ್ಲ ಎಂದು ಸಿಟ್ಟೂ ಬಂತು. ಕೆಂಪು ಗೆರೆಗಳ ಹಾಳೆ ಹರಿದುಹಾಕಿ ಅರ್ಜಿಯನ್ನು ಪೂರ್ತಿ ಒಪ್ಪಿದೆವು.

ತೀರ್ಮಾನದ ಪತ್ರ ನಾನೇ ಬರೆದೆ. ನೆಟ್ಟಾ ಓದಿ ಮೂಗು ಮುರಿದಳು. "ಇದೇನು ಬಸ್ ಟಿಕೆಟ್ ಹಿಂದಿನ ನಿಯಮಾನಾ?" ಎಂದು ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: "ಒಂಬತ್ತನೇ ವಯಸ್ಸಿಗೆ ನೀವು ಅರ್ಧ ಪಾಲು ಆಯ್ದಿರಿ, ಹತ್ತಕ್ಕೆ ಪೂರ್ತಿ. ಹತ್ತು ವರ್ಷದ ಮಗುವಿಗೆ ಅದು ತೀರಾ ಉದ್ದವಾಯಿತು."

ಏಳು ತಿಂಗಳ ಮೇಲೆ ಜಿಲ್ಲೆಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಮುದುಕ ಅದೇ ಹೊಲದ ಗೇಟಿಗೆ ಒರಗಿ, ಪತ್ರ ಎತ್ತಿ ಹಿಡಿದು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಫಾರ್ಫರಿನ ಬೇಕರಿಯಲ್ಲಿ ಮಾಂಸ ತುಂಬಿದ ಬಿಸಿ ಬ್ರೈಡಿ ತಿನ್ನುತ್ತ ಕೂತಿದ್ದ ನೆಟ್ಟಾಳಿಗೆ ಅವನ ಮಾತನ್ನು ನಾನೇ ಓದಿ ಹೇಳಿದೆ: "ಅಲ್ಲಿ ಯಾರ್ಯಾರು ಕೂತಿದ್ರೋ ನಂಗೊತ್ತಿಲ್ಲ. ಆದ್ರೆ ಅವರಲ್ಲಿ ಒಬ್ರು ಆಲೂಗಡ್ಡೆ ಆಯ್ದೋರು. ಅವ್ರ ಸೊಂಟಕ್ಕೆ ನನ್ನ ನಮಸ್ಕಾರ ಹೇಳಿ."

ನೆಟ್ಟಾ ಬ್ರೈಡಿ ಕೆಳಗಿಟ್ಟಳು. ಕಣ್ಣು ಒರೆಸಿಕೊಂಡಳು. ಆಮೇಲೆ ಬೇಕರಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು.

"ಕೇಳಿಸ್ತಾ ವಕೀಲಪ್ಪ? ನಮಸ್ಕಾರ ನನ್ನ ಸೊಂಟಕ್ಕೆ. ನಿಮ್ಮದಕ್ಕಲ್ಲ!"