ರಾಜಶ್ರೀ ಎತ್ತಿದ ಚೀಟಿ

ಕೊರೊನಾ ಕಳೆದು ಕಾಲೇಜಿನ ಬೆಂಚುಗಳು ಮತ್ತೆ ತುಂಬತೊಡಗಿದ್ದ ವರ್ಷ. ಕಾಗವಾಡ ತಾಲ್ಲೂಕಿನ ಒಂದು ಅನುದಾನಿತ ಪದವಿಪೂರ್ವ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ನನ್ನ ಊರು ರಾಯಬಾಗ. ಕೆಲಸಕ್ಕಾಗಿ ಉಗಾರ ಖುರ್ದದಲ್ಲಿ ಮನೆ ಮಾಡಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದವು. "ಇನ್ನ ಸುಮ್ಮ ಕುಂತು ಪಿಂಚಣಿ ತಗೊಳ್ರಿ" ಎಂದು ಹಿತೈಷಿಗಳು ಹೇಳುತ್ತಿದ್ದರು. ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ನವೆಂಬರ್ ಕೊನೆಯಲ್ಲಿ ಸಂವಿಧಾನ ದಿನ ಬರುತ್ತದೆ. ಬಹಳ ಕಡೆ ಅಂದು ಪೀಠಿಕೆ ಓದಿಸಿ, ಎರಡು ಭಾಷಣ ಮಾಡಿಸಿ, ಚಹಾ ಕುಡಿದು ಮುಗಿಸುತ್ತಾರೆ. ನಾನು ಚರ್ಚಾಸ್ಪರ್ಧೆ ಇಡುತ್ತಿದ್ದೆ. ಅದಕ್ಕೆ ನನ್ನದೇ ಕಾಯಿದೆಗಳಿದ್ದವು. ಪರವೋ ವಿರೋಧವೋ ಎಂಬುದನ್ನು ವಿದ್ಯಾರ್ಥಿ ಆರಿಸುವಂತಿಲ್ಲ. ಚೀಟಿ ಎತ್ತಬೇಕು, ಯಾವ ಕಡೆ ಬಂತೋ ಆ ಕಡೆಯಿಂದ ಮನಸ್ಸಿಟ್ಟು ವಾದಿಸಬೇಕು. ವಾದವೆಲ್ಲ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದು ನಿಮಿಷ ಸಿಗುತ್ತದೆ. ಅದರ ಹೆಸರು 'ಸ್ವಂತ ಮಾತು'. ಅಲ್ಲಿ ಚೀಟಿಯ ಹಂಗಿಲ್ಲ, ತನಗೆ ನಿಜ ಅನ್ನಿಸಿದ್ದನ್ನು ಹೇಳಬಹುದು. ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ಆಡಬಲ್ಲವರಿಗೆ ಮಾತ್ರ ಅದನ್ನು ಅಲ್ಲಗಳೆಯುವ ಹಕ್ಕಿದೆ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ಆ ವರ್ಷದ ವಿಷಯ ಹುಟ್ಟಿದ್ದು ತರಗತಿಯಲ್ಲೇ. ಬೇರೆ ದೇಶಗಳ ಸಂವಿಧಾನದ ಬಗ್ಗೆ ಮಾತು ನಡೆದಿತ್ತು. ರಾಜಶ್ರೀ ಎಂಬ ಹುಡುಗಿ ಎದ್ದು ನಿಂತಳು. ದ್ರಾಕ್ಷಿ ತೋಟವಿದ್ದ ಅಪ್ಪಾಸಾಬ ಎಂಬವರ ಒಬ್ಬಳೇ ಮಗಳು. "ಮೇಡಂ, ಅಮೆರಿಕಾದ ನೋಟಿನ ಮ್ಯಾಲೆ ದೇವ್ರ ಹೆಸರು ಐತಂತ್ರಿ. ಹಂಗಾರ ಆ ದೇಶ ಕಟ್ಟಿದವ್ರು ಅದು ಕ್ರಿಶ್ಚಿಯನ್ ದೇಶ ಆಗ್ಲಿ ಅಂತ ಕಟ್ಟ್ಯಾರೇನ್ರಿ?" ಎಂದಳು.

ಆ ನೋಟಿನ ಬರಹ ಕಟ್ಟಿದವರ ಕಾಲದ್ದಲ್ಲ, ಬಹಳ ಆಮೇಲಿನದು ಎಂದೆ. ಅವರ ಸಂವಿಧಾನದ ಒಳಗೆ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದಿದೆ. ಮೊದಲ ತಿದ್ದುಪಡಿ ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ ಎನ್ನುತ್ತದೆ. ಇನ್ನೊಂದು ಕಡೆ, ಅವರ ಸ್ವಾತಂತ್ರ್ಯ ಘೋಷಣೆ ಸೃಷ್ಟಿಕರ್ತನ ಹೆಸರು ಹೇಳುತ್ತದೆ. ಕಟ್ಟಿದವರಲ್ಲಿ ಬಹುಪಾಲು ಜನ ಚರ್ಚಿಗೆ ಸೇರಿದವರೇ. ಆಗ ಕೆಲವು ರಾಜ್ಯಗಳಿಗೆ ತಮ್ಮದೇ ಅಧಿಕೃತ ಚರ್ಚೂ ಇತ್ತು. ಇಷ್ಟು ಹೇಳಿ ನಿಲ್ಲಿಸಿದೆ. ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟುಬಿಟ್ಟರೆ ಮಕ್ಕಳು ಬರೆದುಕೊಂಡು ಮರೆತುಬಿಡುತ್ತಾರೆ. ಅವಳ ಪ್ರಶ್ನೆಯನ್ನೇ ಚರ್ಚೆಯ ವಿಷಯ ಮಾಡಿದೆ.

ಚೀಟಿ ಎತ್ತಿದಾಗ ರಾಜಶ್ರೀಗೆ ಬಂದದ್ದು 'ಹೌದು'. ಅಷ್ಟರಲ್ಲಿ ಅವಳ ಮನಸ್ಸು 'ಅಲ್ಲ' ಎಂಬ ಕಡೆ ವಾಲಿತ್ತು. ಮುಖ ಹುಳ್ಳಗೆ ಮಾಡಿಕೊಂಡು "ಬದಲಿ ಮಾಡ್ಕೊಳ್ಳಾಕ ಬರತೈತೇನ್ರಿ?" ಎಂದು ಕೇಳಿದಳು. "ಬರಂಗಿಲ್ಲ" ಎಂದೆ.

ನವೆಂಬರ್ ಎಂದರೆ ಈ ಭಾಗದ ದ್ರಾಕ್ಷಿ ತೋಟಗಳಲ್ಲಿ ಡಿಪ್ಪಿಂಗ್ ಕೆಲಸದ ಕಾಲ. ಎಳೆಯ ಗೊಂಚಲುಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದಿ ಬಿಡಬೇಕು. ಹತ್ತಾರು ಹೆಣ್ಣುಮಕ್ಕಳು ಬೇರೆ ಬೇರೆ ಊರುಗಳಿಂದ ಟೆಂಪೋದಲ್ಲಿ ಬರುತ್ತಾರೆ. ರಾಜಶ್ರೀ ರಜೆಯ ದಿನ ಅವರ ಜೊತೆ ಕೆಲಸ ಮಾಡುತ್ತ, ತನ್ನ ವಾದವನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದಳು. ದ್ರಾಕ್ಷಿ ಚಪ್ಪರದ ಕೆಳಗೆ ಮುಂಜಾನೆಯಿಂದ ಸಂಜೆತನಕ ಕ್ರಿಸ್ತನ ಮಾತು. ಚರ್ಚಾಸ್ಪರ್ಧೆ, ಚೀಟಿ, ಪರ, ವಿರೋಧ ಎಂಬುದೆಲ್ಲ ಆ ಹೆಣ್ಣುಮಕ್ಕಳಿಗೆ ಯಾರು ಹೇಳಬೇಕು? ಕೇಳಿದ್ದನ್ನು ಕೇಳಿದಂತೆಯೇ ಟೆಂಪೋ ಹತ್ತಿಸಿಕೊಂಡು ಹೋದರು. ಎರಡು ದಿನದಲ್ಲಿ ಜುಗೂಳದಿಂದ ಅಥಣಿಯ ಸಂತೆಯವರೆಗೂ ಸುದ್ದಿ: ಅಪ್ಪಾಸಾಬನ ಮಗಳು ಕಿರಿಸ್ತಾನ ಆಗ್ಯಾಳ, ಕಾಲೇಜಿನ ಮೇಡಮ್ಮ ಮಾಡಿಸ್ಯಾಳ.

ಅಪ್ಪಾಸಾಬ ಪ್ರಿನ್ಸಿಪಾಲರ ಕೋಣೆಗೆ ಬಂದಾಗ ಅವರ ಹಿಂದೆ ಸಂಸ್ಥೆಯ ಚೇರಮನ್ನರೂ ಇದ್ದರು. ಚೇರಮನ್ನರು ಕಬ್ಬು ಬೆಳೆಗಾರರ ಮುಂದಾಳು, ಮಾತಿನಲ್ಲಿ ಬಲು ಜೋರು. ಅಪ್ಪಾಸಾಬ ಹಾಗಲ್ಲ, ತಗ್ಗಿದ ದನಿಯ ಮನುಷ್ಯ. ಅಂದು ಮೊದಲು ಮಾತೆತ್ತಿದವರು ಅವರೇ.

"ಮೇಡಮ್ಮಾರ, ನನ್ನ ಮಗಳ ಬಾಯಾಗ ಏಸೂನ ಹೆಸರು ಯಾಕ ಹಾಕೀರಿ? ಊರಾಗ ತಲಿ ಎತ್ತಿ ತಿರಗಾಕ ಆಗವಲ್ದು."

ನಾನು ಚೀಟಿಯ ಪದ್ಧತಿ ವಿವರಿಸಿದೆ. ಅವರು ಕೇಳಿಸಿಕೊಂಡರು, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ. "ಚೀಟಿ ಬದಲಿ ಮಾಡ್ರಿ. ಇಲ್ಲಾಂದ್ರ ಅಕಿ ಕಾಲೇಜು ಇಲ್ಲಿಗೆ ಮುಗೀತು. ಮಿರಜ ಕಡಿಂದ ಒಂದು ಸಂಬಂಧ ಬಂದೈತಿ, ಮಾಡಿ ಕಳಿಸ್ತೀನಿ" ಎಂದರು.

ಪ್ರಿನ್ಸಿಪಾಲರು ಒಳ್ಳೆಯವರು, ಆದರೆ ಗಾಳಿ ಬಂದ ಕಡೆ ಬಾಗುವವರು. "ಅಷ್ಟ ಅಲ್ರಿ ಮೇಡಮ್ಮಾರ, ಬದಲಿ ಮಾಡಿಬಿಡ್ರಿ" ಎಂದು ಕೈ ಮುಗಿದೇಬಿಟ್ಟರು. ಚೇರಮನ್ನರು ಇನ್ನೂ ಮುಂದೆ ಹೋದರು. "ಅಮೆರಿಕಾದ ಉಸಾಬರಿ ನಮಗ್ಯಾಕ್ರಿ? ಪರಿಸರ ಇಡ್ರಿ, ಸ್ವಚ್ಛತಾ ಇಡ್ರಿ."

"ಪರಿಸರ ಇಟ್ರ ಎರಡೂ ಕಡಿಯವ್ರು ಒಂದ ಮಾತು ಹೇಳ್ತಾರ್ರಿ. ಅದು ಚರ್ಚೆ ಅಲ್ಲ, ಭಜನಿ" ಎಂದೆ.

"ಹಂಗಾರ ಅಮೆರಿಕಾ ಕ್ರಿಶ್ಚಿಯನ್ ದೇಶ ಅಲ್ಲ ಅನ್ನೂ ಚೀಟಿ ಅಷ್ಟ ಇಡ್ರಿ. ಎಲ್ಲಾರೂ ಅದನ್ನ ಮಾತಾಡ್ಲಿ."

"ಆತು. ಮುಂದಿನ ವರ್ಷ ನಮ್ಮ ದೇಶ ಕಟ್ಟಿದವ್ರ ಬಗ್ಗೆ ಇದ ಪ್ರಶ್ನೆ ಇಡ್ತೀನಿ. ಆಗ ಯಾವ ಚೀಟಿ ಅಷ್ಟ ಇಡಬೇಕು ಹೇಳ್ರಿ."

ಅವರ ಮುಖ ಬಿಗಿಯಿತು. "ಅದು ಬ್ಯಾರೆ ಮಾತು."

"ಬ್ಯಾರೆ ಹೆಂಗ್ರಿ? ಹೊರಗಿನ ಕಾಟಾದಾಗ ಒಂದು ತೂಕ, ಫ್ಯಾಕ್ಟರಿ ಕಾಟಾದಾಗ ಇನ್ನೊಂದು ತೂಕ ಬಂದ್ರ ಟ್ರ್ಯಾಕ್ಟರ್ ಅಡ್ಡ ಹಚ್ಚಿ ಕೂಗವ್ರು ನೀವ ಅಲ್ರಿ? ಅವ್ರಿಗೊಂದು ಕಾಟಾ, ನಮಗೊಂದು ಕಾಟಾ ನನ್ನ ಕ್ಲಾಸಿನ್ಯಾಗ ನಡಿಯಂಗಿಲ್ಲ."

ಕಾಟಾ ಎಂದರೆ ಕಬ್ಬು ತೂಗುವ ವೇಬ್ರಿಡ್ಜ್. ಎರಡು ಕಾಟಾ ಇಟ್ಟಿದ್ದೀರಿ ಎಂಬುದೇ ಇಲ್ಲಿನ ರೈತನಿಗೆ ಹೇಳಬಾರದ ಮಾತು. ಚೇರಮನ್ನರು ಕುರ್ಚಿ ಸರಿಸಿ ಎದ್ದು, "ನೋಡ್ತೀನಿ" ಎಂದು ಹೊರಟರು. ನೋಡಲಿ. ಆದರೆ ಅಪ್ಪಾಸಾಬರಿಗೆ ಹೇಳಲು ನನ್ನ ಬಳಿ ಅಂಥ ಚೂಪಾದ ಮಾತು ಇರಲಿಲ್ಲ. ನನ್ನ ಹಟಕ್ಕೆ ಹುಡುಗಿಯ ಓದು ಹೋದರೆ ಆ ಪಾಪ ಯಾರ ತಲೆಗೆ?

ಮಧ್ಯಾಹ್ನ ರಾಜಶ್ರೀಯನ್ನು ಕರೆದು, "ನೀ ಬ್ಯಾಡ ಅಂದ್ರ ಹೆಸರು ತಗದುಬಿಡ್ತೀನಿ. ಚೀಟಿಗಿಂತ ನಿನ್ನ ಓದು ದೊಡ್ಡದು" ಎಂದೆ. ಅವಳು, "ಈಗ ಹಿಂದ ಸರಿದ್ರ ನಾ ಏನೋ ತಪ್ಪು ಮಾಡೀನಿ ಅಂತ ಒಪ್ಪಿದಂಗ ಆಗತೈತ್ರಿ. ಊರಾಗ ಜೀವನಪರ್ಯಂತ ಅದ ಮಾತು ಉಳೀತೈತಿ. ನಾ ಮಾತಾಡ್ತೀನ್ರಿ" ಎಂದಳು. ಹದಿನೇಳರ ಹುಡುಗಿ ಹೀಗೆ ನಿಂತ ಮೇಲೆ ನಾನು ಹಿಂಜರಿಯುವುದೆಂದರೇನು? ಆ ಸಂಜೆಯೇ ಚರ್ಚೆಯ ವಿಷಯವನ್ನು ನೋಟಿಸ್ ಬೋರ್ಡಿನಲ್ಲಿ ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದೆ.

ಸಂವಿಧಾನ ದಿನದಂದು ಸಭಾಂಗಣ ಎಂದೂ ಇಲ್ಲದಷ್ಟು ತುಂಬಿತ್ತು. ಜಗಳ ನೋಡಲು ಬಂದವರೇ ಹೆಚ್ಚು. ಚೇರಮನ್ನರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಕಾರ್ಯಕ್ರಮ ಆರಂಭವಾದ ಮೇಲೆ ಅಪ್ಪಾಸಾಬ ಬಂದು ಹಿಂದಿನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಬೈಕಿನ ಚಾವಿ. ಮಗಳನ್ನು ಕರೆದೊಯ್ಯಲೆಂದೇ ಬಂದಿದ್ದಾರೆ ಎಂದು ನನಗೆ ಗೊತ್ತಾಯಿತು.

ರಾಜಶ್ರೀ 'ಹೌದು' ಎಂಬ ವಾದವನ್ನು ಚೆನ್ನಾಗಿಯೇ ಮಂಡಿಸಿದಳು. ಸೃಷ್ಟಿಕರ್ತನ ಹೆಸರನ್ನು ಘೋಷಣೆಯಲ್ಲಿ ಯಾಕೆ ಬರೆದರು? ಸಭೆಗಳಲ್ಲಿ ಪ್ರಾರ್ಥನೆ ಯಾಕೆ ಇಟ್ಟರು? ಒಂದು ಜನಾಂಗ ಉಸಿರಾಡುವ ನಂಬಿಕೆಯನ್ನು ಯಾರಾದರೂ ಕಾಗದದಲ್ಲಿ ಬರೆದಿಡಬೇಕೆ? ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಎದುರಾಳಿ ಹುಡುಗ ಧರ್ಮದ ಪರೀಕ್ಷೆ ಕೂಡದೆಂಬ ಮಾತನ್ನು ಹಿಡಿದು ತಿರುಗೇಟು ಕೊಟ್ಟ. ನಮ್ಮ ಸಂವಿಧಾನ ಸಭೆಯಲ್ಲೂ ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂಬ ತಿದ್ದುಪಡಿ ಬಂದಿತ್ತು, ಮತಕ್ಕೆ ಹಾಕಿದಾಗ ಬಿದ್ದುಹೋಯಿತು, ಬೇಡ ಎಂದವರಲ್ಲಿ ಆಸ್ತಿಕರೂ ಇದ್ದರು ಎಂದ. ಅವನಿಗೆ ಚಪ್ಪಾಳೆ ಬಿತ್ತು.

ಸ್ವಂತ ಮಾತಿನ ಸರದಿ ಬಂತು. ರಾಜಶ್ರೀ ಪುಸ್ತಕದ ಕನ್ನಡ ಬಿಟ್ಟಳು.

"ನನಗ ಅನಸೂದು, ಅಲ್ಲ ಅಂತ. ನಮ್ಮ ಊರಾಗ ಲಿಫ್ಟ್ ಐತಿ. ಅದನ್ನ ಕಟ್ಟಿದವ್ರಾಗ ನಮ್ಮಜ್ಜನೂ ಒಬ್ಬವ."

ಕೃಷ್ಣೆಯ ದಂಡೆಯ ಊರುಗಳಲ್ಲಿ ಲಿಫ್ಟ್ ಎಂದರೆ ಏತ ನೀರಾವರಿ. ರೈತರು ಸಂಘ ಮಾಡಿಕೊಂಡು ನದಿಯಲ್ಲಿ ಪಂಪು ಕೂರಿಸಿ, ದೂರದ ಹೊಲಗಳವರೆಗೆ ಪೈಪು ಹಾಕುತ್ತಾರೆ. ಸದಸ್ಯರಿಗೆ ಸರದಿಯ ಮೇಲೆ ನೀರು. ಆ ಸರದಿಗೆ ಪಾಳಿ ಎನ್ನುತ್ತಾರೆ. ಇನ್ನೊಬ್ಬನ ಪಾಳಿ ಕದ್ದವನಿಗೆ ಈ ಸೀಮೆಯಲ್ಲಿ ಮರ್ಯಾದೆ ಇಲ್ಲ.

"ಪಂಪು ಚಾಲೂ ಮಾಡೂ ಮುಂದ ಅಜ್ಜ ಗಂಗಾಪೂಜಿ ಮಾಡಿದ. ಕೊಕಟನೂರ ಯಲ್ಲಮ್ಮಗ ಹೋಗಿ ಉಡಿ ತುಂಬಿಸಿದ. ಆದ್ರ ಪಾಳಿ ಹಚ್ಚೂ ಮುಂದ ಮುಲ್ಲಾರ ಹೊಲಕ್ಕೂ ಹಚ್ಚಿದ್ರು, ಕೇರಿಯವ್ರ ಹೊಲಕ್ಕೂ ಹಚ್ಚಿದ್ರು. ಪೂಜಿ ಅವನದು, ನೀರು ಎಲ್ಲಾರದು. ಅಮೆರಿಕಾ ಕಟ್ಟಿದವ್ರೂ ಹಂಗ, ನಮ್ಮ ದೇಶ ಕಟ್ಟಿದವ್ರೂ ಹಂಗ. ಅವ್ರೆಲ್ಲಾ ದೊಡ್ಡ ಮನಸಿನವ್ರು."

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬಾಗಿಲಿಂದ ದನಿ ಬಂತು. "ಸುಳ್ಳು ಹೇಳಬ್ಯಾಡ!"

ಎಲ್ಲರೂ ತಿರುಗಿದರು. ಅಪ್ಪಾಸಾಬ ನಾಲ್ಕು ಹೆಜ್ಜೆ ಒಳಗೆ ಬಂದಿದ್ದರು. "ನಿಮ್ಮಜ್ಜಂದು ಅಂಥಾ ದೊಡ್ಡ ಮನಸು ಅಲ್ಲ. ಅವ್ರಿಗೆ ನೀರು ಕೊಡೂದು ಅವಗ ಬ್ಯಾಡಾಗಿತ್ತು. ಪೈಪು ಅವ್ರ ಹೊಲ ದಾಟಿ ಬರಬೇಕಾಗಿತ್ತು, ಅದಕ್ಕ ಒಪ್ಪಿದ. ಸಾಯೂತನಾ ಮನ್ಯಾಗ ಬೈತಿದ್ದ. ನಾ ಅವನ ಮಗ, ನನಗ ಗೊತ್ತೈತಿ."

ಚೇರಮನ್ನರ ತುಟಿಯಲ್ಲಿ ನಗೆ ಕಾಣಿಸಿತು. ಮುಗಿಯಿತು ಎಂದುಕೊಂಡೆ. ಅಪ್ಪಾಸಾಬ ಹೇಳಿದ್ದು ಸುಳ್ಳಲ್ಲ, ಹಾಗಾಗಿಯೇ ಅದಕ್ಕೆ ಮದ್ದಿರಲಿಲ್ಲ. ಕಟ್ಟಿದವರ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲಿಸಿದ ವಾದ, ಆ ಮನಸ್ಸು ಒಳ್ಳೆಯದಾಗಿರಲಿಲ್ಲ ಎಂದ ಕೂಡಲೇ ಕುಸಿಯುತ್ತದೆ.

ರಾಜಶ್ರೀ ಮೈಕು ಬಿಡಲಿಲ್ಲ.

"ಅಪ್ಪಾ, ಅಜ್ಜನ ಮನಸಿನ್ಯಾಗ ಏನಿತ್ತೋ ಅದನ್ನ ಅಜ್ಜ ತಗೊಂಡು ಹೋದ. ನಾಕು ಮಂದ್ಯಾಗ ಏನು ಒಪ್ಪಿದ್ನೋ ಅದನ್ನ ನಮಗ ಬಿಟ್ಟು ಹೋಗ್ಯಾನ. ಅವ ಬೈತಿದ್ದಾಂತ ನೀ ಇವತ್ತಿನತನಾ ಯಾರದರ ಪಾಳಿ ತಪ್ಪಿಸೀಯೇನು?"

ಪಾಳಿಯಂತೆ ಲಿಫ್ಟಿನ ವಾಲ್ವು ತಿರುಗಿಸುವ ಜವಾಬ್ದಾರಿ ಆಗ ಅಪ್ಪಾಸಾಬರದೇ ಎಂದು ನನಗೆ ಆಮೇಲೆ ತಿಳಿಯಿತು. ಅವರು ಬೈಕಿನ ಚಾವಿ ಜೇಬಿಗಿಟ್ಟುಕೊಂಡು, ಒಬ್ಬರೇ ಹೊರಗೆ ಹೋದರು.

ಮೊದಲ ಬಹುಮಾನ ಎದುರಾಳಿ ಹುಡುಗನಿಗೆ ಹೋಯಿತು. ನನಗೆ ಸಿಕ್ಕಿದ್ದು ಆಡಳಿತ ಮಂಡಳಿಯ ಮೆಮೊ: ಇನ್ನು ಮುಂದೆ ಚರ್ಚೆಯ ವಿಷಯಕ್ಕೆ ಪೂರ್ವಾನುಮತಿ ಪಡೆಯತಕ್ಕದ್ದು. ನಾನು ಅಂದೇ ಅನುಮತಿ ಕೇಳಿ ಬರೆದೆ. ವಿಷಯ: ಭಾರತ ಕಟ್ಟಿದವರು ಇದನ್ನು ಒಂದು ಧರ್ಮದ ದೇಶವಾಗಿಸಲು ಬಯಸಿದ್ದರೇ? ಚೀಟಿಗಳು: ಎರಡೂ ಕಡೆಯವು. ಉತ್ತರ ಬರಲಿಲ್ಲ. ಬೇಡ ಎಂದೂ ಬರೆದಿಲ್ಲವಲ್ಲ ಎಂದು ಮರುವರ್ಷ ಆ ಚರ್ಚೆಯನ್ನೂ ನಡೆಸಿದೆ.

ರಾಜಶ್ರೀಯ ಚರ್ಚೆ ಮುಗಿದ ಮುಂದಿನ ಸೋಮವಾರವೇ ಅವಳು ಕಾಲೇಜಿಗೆ ಬಂದಳು. ಅಪ್ಪನೇ ಬೈಕಿನಲ್ಲಿ ಗೇಟಿನವರೆಗೆ ಬಿಟ್ಟು ಹೋದರು. ನನ್ನ ಕಡೆ ನೋಡಲಿಲ್ಲ. ನಾನೂ ಮಾತನಾಡಿಸಲು ಹೋಗಲಿಲ್ಲ. ಮಿರಜದ ಸಂಬಂಧದ ಸುದ್ದಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಅವಳೀಗ ಬೆಳಗಾವಿಯಲ್ಲಿ ಕಾನೂನು ಓದುತ್ತಿದ್ದಾಳೆ.

ದೇಶ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತು ಎಂದು ಇವತ್ತಿಗೂ ನನ್ನೊಡನೆ ವಾದಕ್ಕೆ ಬರುವವರಿದ್ದಾರೆ. ಅವರು ಗುಡಿಗೆ ಹೋಗುತ್ತಿದ್ದರು, ಚರ್ಚಿಗೆ ಹೋಗುತ್ತಿದ್ದರು, ಹಾಗಾಗಿ ದೇಶವೂ ಅವರ ದೇವರದೇ ಎನ್ನುತ್ತಾರೆ. ಮೊದಲು ನಾನೂ ಪುಸ್ತಕ ತೆಗೆದು ಎದುರು ವಾದಿಸುತ್ತಿದ್ದೆ. ಈಗ ಇಲ್ಲ. ಬಯಕೆ ಅವರವರದು, ಅವರೊಂದಿಗೇ ಹೋಯಿತು ಎನ್ನುತ್ತೇನೆ. ಎಲ್ಲರೆದುರು ಅವರು ಒಪ್ಪಿದ ಮಾತು ಸಂವಿಧಾನದಲ್ಲಿ ಇಲ್ಲೇ ಇದೆ. ಅದನ್ನು ಮುರಿಯುವ ಮನಸ್ಸು ನಿಮ್ಮದಾದರೆ ಸತ್ತವರ ಹೆಸರು ಹೇಳಬೇಡಿ, ನಿಮ್ಮ ಹೆಸರಿನಲ್ಲೇ ಮುರಿಯಿರಿ, ನಾವು ಇಲ್ಲೇ ಇದ್ದೇವೆ.