ಮೇಷ್ಟ್ರಿಗೆ ಹೇಳದೇ ಉಳಿದ ಮಾತು

ಮೊನ್ನೆ ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಮೆಂತ್ಯ ಹುರಿಯುವ ವಾಸನೆ ಬಂತು. ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಮೆಂತ್ಯದ ಹಿಟ್ಟು... ನಮ್ಮ ಮೇಷ್ಟ್ರು ಮೊಸರನ್ನಕ್ಕೆ ಕಲಸಿಕೊಳ್ಳುತ್ತಿದ್ದದ್ದು.

ತೊಂಬತ್ತರ ದಶಕದ ಮಾತು. ಅಬುಧಾಬಿಯ ಒಂದು ಫ್ಲಾಟಿನಲ್ಲಿ ನಾವಿಬ್ಬರೇ ಇದ್ದೆವು. ಅವರು ಮೈಸೂರು ಕಡೆಯವರು, ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದರು. ನಾನು ಕುಂದಾಪುರದವನು, ಅಲ್ಲೇ ಮುಸಫ್ಫಾ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಗುಮಾಸ್ತ. ಕೆಲಸಗಾರರ ಪಾಸ್‌ಪೋರ್ಟ್‌ಗಳೆಲ್ಲ ನನ್ನ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿರುತ್ತಿದ್ದವು. ಬಂದಿಳಿದ ದಿನವೇ ‘ಸುರಕ್ಷತೆಗಾಗಿ ನಾನಾಗಿಯೇ ಕೊಟ್ಟಿದ್ದೇನೆ’ ಎಂಬ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಆ ಹಾಳೆ ಟೈಪು ಮಾಡಿದವನೂ ನಾನೇ. ಅದರಲ್ಲಿ ತಪ್ಪಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಊಟ ಮಾಡುತ್ತ ಮೇಷ್ಟ್ರಿಗೆ ಸುದ್ದಿ ಹೇಳಿದೆ. ಒಬ್ಬ ವೆಲ್ಡರ್ ತಾಯಿಗೆ ಸೀರಿಯಸ್ ಎಂದು ಊರಿಗೆ ಹೋಗಲು ಪಾಸ್‌ಪೋರ್ಟ್ ಕೇಳಿದ್ದ. ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಕೊಡಬೇಡ ಎಂದಿದ್ದರು ಮ್ಯಾನೇಜರ್. “ಕೆಲಸ ಮುಗಿಯಲಿ, ಆಮೇಲೆ ನೋಡೋಣ” ಎಂದು ಅವನನ್ನು ಸಾಗಹಾಕಿದ್ದೆ.

ಮೇಷ್ಟ್ರು ಆ ವಾರ ಮಕ್ಕಳಿಗೆ ಅಮೆರಿಕದ ಗುಲಾಮಗಿರಿಯ ಪಾಠ ಮಾಡುತ್ತಿದ್ದರು. ಅನ್ನ ಕಲಸುತ್ತಲೇ ಅಂದರು, “ಉತ್ತರದ ಜನ ಎಷ್ಟೋ ವರ್ಷ ಅದು ದಕ್ಷಿಣದವರ ತಲೆನೋವು ಅಂತ ಸುಮ್ನಿದ್ರು ಕಣಯ್ಯ. ಓಡಿಬಂದ ಗುಲಾಮರನ್ನ ನೀವೇ ಹಿಡ್ಕೊಡಬೇಕು ಅಂತ ಕಾನೂನು ಬಂತು ನೋಡು, ಆಗ ಸುಮಾರು ಜನರ ಮನಸ್ಸು ತಿರುಗ್ತು. ತಮ್ಮ ಕೈಯಲ್ಲೇ ಮಾಡಬೇಕಾಗಿ ಬಂತಲ್ಲ.”

ನನಗೆ ಮೈಯೆಲ್ಲ ಉರಿಯಿತು. “ಎಂತ ಮಾತಾಡ್ತೀರಿ ಮಾರಾಯ್ರೆ! ಇವ್ರಿಗೆ ಸಂಬಳ ಇಲ್ವಾ? ನಾವು ಯಾರನ್ನಾದ್ರೂ ಮಾರಿದ್ದೇವಾ?”

“ಅದೂ ಇದೂ ಒಂದೇ ಅಂತ ನಾನೆಲ್ಲಿ ಅಂದೆ? ಬೀರುವಿನ ಕೀಲಿ ನಿನ್ನ ಜೇಬಲ್ಲಿದೆ, ಅಷ್ಟೇ.”

ತಟ್ಟೆ ಬಿಟ್ಟು ಎದ್ದೆ. ಮಾತು ಬಿಟ್ಟೆ. ನನ್ನ ಹಟ ಅಂಥದ್ದು, ಹಾಳು ಹಟ. ಮೇಷ್ಟ್ರು ಮಾತ್ರ ದಿನಾ ನನ್ನ ಪಾಲಿನ ಅನ್ನ ಮುಚ್ಚಿಟ್ಟು, ಪಕ್ಕದಲ್ಲಿ ಬಟ್ಟಲಲ್ಲಿ ಮೆಂತ್ಯದ ಹಿಟ್ಟು ಇಟ್ಟಿರುತ್ತಿದ್ದರು. ನಾನು ತಿಂದು ಬಟ್ಟಲು ತೊಳೆದಿಡುತ್ತಿದ್ದೆ.

ಮೂರನೇ ದಿನ ಬೀರು ತೆಗೆದೆ. ವೆಲ್ಡರನನ್ನು ಕರೆದು ಅವನದ್ದನ್ನು ಕೈಗಿಟ್ಟೆ. ಅವನು ಪಾಸ್‌ಪೋರ್ಟ್ ಎದೆಗೊತ್ತಿಕೊಂಡು ಓಡಿದ. ಮ್ಯಾನೇಜರ್ ಕೂಗಾಡಿ ಕೀಲಿ ಕಿತ್ತುಕೊಂಡರು, “ಖಲಾಸ್!” ಎಂದರು. ನನ್ನ ನೌಕರಿ ಹೇಗೋ ಉಳಿಯಿತು. ವಾರದ ಮೇಲೆ ವೆಲ್ಡರ್ ಊರಿಂದ ಫೋನು ಮಾಡಿದ. ತಾಯಿ ಅವನ ಕೈಯಿಂದ ನಾಲ್ಕು ದಿನ ಗಂಜಿ ಕುಡಿದು ಹೋದರಂತೆ.

ಅದನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ಹೇಳಿದರೆ ಅವರೇ ಗೆದ್ದಂತಾಗುತ್ತದಲ್ಲ ಎಂದು ಬಾಯಿ ಬಿಗಿದುಕೊಂಡೆ. ಅಷ್ಟರಲ್ಲಿ ಶಾಲೆಗೆ ಬೇಸಿಗೆ ರಜೆ ಬಂತು. ಊರಿಗೆ ಹೊರಟ ಮೇಷ್ಟ್ರು ಬಾಗಿಲಲ್ಲಿ ನಿಂತು, “ಡಬ್ಬಿಯಲ್ಲಿ ಹಿಟ್ಟಿದೆ ಕಣಯ್ಯ” ಎಂದರು. ನಾನು ತಲೆಯಾಡಿಸಿದೆನಷ್ಟೇ. ರಜೆ ಮುಗಿಸಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ... ವೆಲ್ಡರನಿಗೆ ಹೇಳಿದ್ದೂ ಇದೇ ‘ಆಮೇಲೆ’.

ಅವರು ಬರಲಿಲ್ಲ. ಎದೆನೋವಲ್ಲಿ ಹೋಗಿಬಿಟ್ಟರಂತೆ, ತಿಂಗಳ ಮೇಲೆ ಅವರ ಮಗಳ ಪತ್ರ ಬಂತು.

ಮೊನ್ನೆ ಮೆಂತ್ಯ ಹುರಿಯುತ್ತಿದ್ದ ಆ ಮನೆಯ ಬಾಗಿಲ ಮುಂದೆ ನಿಂತೇ ಇದ್ದೆ. ಮೇಲಿಂದ ಹೆಂಡತಿ, “ಎಂತ ಆಯ್ತು, ಕಾಲು ನೋವಾ?” ಎಂದು ಕೂಗಿದಳು. ಏನಿಲ್ಲ ಎಂದೆ. ಆಮೇಲೆ ಯಾರಿಗೂ ಕೇಳದ ಹಾಗೆ ಅಂದೆ: ಕೊಟ್ಟೆ ಮೇಷ್ಟ್ರೇ, ಮೂರನೇ ದಿನವೇ ಕೊಟ್ಟುಬಿಟ್ಟೆ.